ಜೀವಕೋಶವನ್ನು ಮಕ್ಕಳು ಕಣ್ಣಾರೆ ನೋಡಿ ಕಲಿಯಲಿ

ಮಳೆಗಾಲ ಬಂತೆಂದರೆ ಕರ್ನಾಟಕದ ಆಸ್ಪತ್ರೆಗಳಲ್ಲಿ ಎಲ್ಲಿ ಕಿವಿಗೊಟ್ಟರೂ ಒಂದೇ ಪ್ರಶ್ನೆ: ‘ಪ್ಲೇಟ್‌ಲೆಟ್ ಎಷ್ಟಿದೆ?’ ಲ್ಯಾಬ್ ವರದಿ ಕೈಗೆ ಬರುವುದೇ ತಡ, ಅದರ ಫೋಟೊ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. 90 ಸಾವಿರ ಎಂದು ಕಂಡರೆ ಒಬ್ಬರು ಪಪ್ಪಾಯಿ ಎಲೆ ಹುಡುಕಿಕೊಂಡು ಹೊರಡುತ್ತಾರೆ. 60 ಸಾವಿರ ಎಂದರೆ ಇನ್ನೊಬ್ಬರು ರಕ್ತನಿಧಿಗೆ ಫೋನ್ ಮಾಡುತ್ತಾರೆ. ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಎಂದು ಅಧಿಸೂಚನೆ ಹೊರಡಿಸಿದ 2024ರಲ್ಲಂತೂ ಈ ಆತಂಕ ಮನೆಮನೆಯನ್ನೂ ಹೊಕ್ಕಿತ್ತು.

ಪ್ಲೇಟ್‌ಲೆಟ್ ಎಂಬುದು ಪೂರ್ತಿ ಜೀವಕೋಶವೂ ಅಲ್ಲ. ಮೂಳೆಮಜ್ಜೆಯಲ್ಲಿರುವ ದೊಡ್ಡ ಕೋಶಗಳಿಂದ ಕಳಚಿಕೊಂಡು ರಕ್ತಕ್ಕೆ ಸೇರುವ ಚೂರು ಅದು. ಅದರ ಆಯಸ್ಸು ಹೆಚ್ಚೆಂದರೆ ಎಂಟು–ಹತ್ತು ದಿನ. ಹಳೆಯವು ಹೋಗುತ್ತಿರುತ್ತವೆ, ಹೊಸವು ಬರುತ್ತಿರುತ್ತವೆ. ಆರೋಗ್ಯವಂತರ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಡೆಂಗಿ ಬಂದಾಗ ಈ ಸಂಖ್ಯೆ ಇಳಿಯುವುದು ನಿಜ, ಜ್ವರ ಬಿಟ್ಟ ಮೇಲೆ ಬಹುತೇಕರಲ್ಲಿ ತಾನಾಗಿಯೇ ಏರುವುದೂ ನಿಜ. ರಕ್ತಸ್ರಾವ ಇಲ್ಲದಿದ್ದರೆ ಎಣಿಕೆ 10,000ಕ್ಕಿಂತ ಕೆಳಗೆ ಇಳಿಯುವತನಕ ಸಾಮಾನ್ಯವಾಗಿ ಹೊರಗಿನಿಂದ ಪ್ಲೇಟ್‌ಲೆಟ್ ಕೊಡಬೇಕಿಲ್ಲ ಎನ್ನುತ್ತದೆ ರಾಷ್ಟ್ರೀಯ ಮಾರ್ಗಸೂಚಿ. ಸೂಕ್ಷ್ಮ ರಕ್ತನಾಳಗಳಿಂದ ದ್ರವ ಹೊರಗೆ ಸೋರಿ ರಕ್ತದೊತ್ತಡ ಕುಸಿಯುವುದು ಅದಕ್ಕಿಂತ ದೊಡ್ಡ ಅಪಾಯ. ವೈದ್ಯರು ಡ್ರಿಪ್ ಏಕೆ ಹಾಕುತ್ತಿದ್ದಾರೆ, ಹೊಟ್ಟೆನೋವು ಬಂತೇ, ವಾಂತಿಯಾಯಿತೇ ಎಂದು ಪದೇ ಪದೇ ಏಕೆ ಕೇಳುತ್ತಿದ್ದಾರೆ ಎಂಬುದು ಇದನ್ನು ಬಲ್ಲವರಿಗೆ ಅರ್ಥವಾಗುತ್ತದೆ.

ಆ ವರದಿ ಹಿಡಿದು ನಿಂತವರಲ್ಲಿ ಹೆಚ್ಚಿನವರು ಪ್ರೌಢಶಾಲೆಯಲ್ಲಿ ಜೀವಕೋಶದ ಪಾಠ ಓದಿದವರೇ. ಚಿತ್ರ ಬಿಡಿಸಿ, ಭಾಗ ಗುರುತಿಸಿ, ಅಂಕವನ್ನೂ ಪಡೆದವರು. ಆ ಪಾಠ ಬದುಕಿನಲ್ಲಿ ಬೇಕಾದಾಗ ನೆರವಿಗೆ ಬರುತ್ತಿಲ್ಲ ಎಂದಾದರೆ ಲೋಪ ಇರುವುದು ಕಲಿತವರಲ್ಲಲ್ಲ, ಕಲಿಸುವ ಕ್ರಮದಲ್ಲಿ.

ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪವನ್ನು ಬಳಸುವ ನಮ್ಮ ಪ್ರೌಢಶಾಲೆಗಳಲ್ಲಿ ಜೀವಕೋಶದ ರಚನೆಯನ್ನು ವಿವರವಾಗಿ ಹೇಳುವುದು ಒಂಬತ್ತನೇ ತರಗತಿ. ಹತ್ತರಲ್ಲಿ ಜೀರ್ಣಕ್ರಿಯೆ, ಉಸಿರಾಟ, ಅನುವಂಶೀಯತೆ ಎಲ್ಲವೂ ಅದರ ಮೇಲೆಯೇ ನಿಂತಿವೆ. ಎಸ್ಸೆಸ್ಸೆಲ್ಸಿ ಮುಗಿಸಿದವರು ಕಲಾ ವಿಭಾಗಕ್ಕೆ, ವಾಣಿಜ್ಯಕ್ಕೆ, ಐಟಿಐಗೆ, ಡಿಪ್ಲೊಮಾಕ್ಕೆ ಹೋಗುತ್ತಾರೆ. ಕೆಲವರು ಓದನ್ನೇ ಬಿಟ್ಟು ದುಡಿಮೆಗೆ ಇಳಿಯುತ್ತಾರೆ. ಇವರಿಗೆಲ್ಲ ಒಂಬತ್ತನೇ ತರಗತಿಯ ಆ ಪಾಠವೇ ಜೀವಕೋಶದ ಬಗ್ಗೆ ಓದುವ ಕೊನೆಯ ಪಾಠ. ಮುಂದೆ ಡಾಕ್ಟರ್ ಆಗುವವರಿಗೆ ಪಿಯುಸಿಯಲ್ಲಿ, ವೈದ್ಯಕೀಯ ಕಾಲೇಜಿನಲ್ಲಿ ಎರಡು–ಮೂರು ಬಾರಿ ಕಲಿಯುವ ಅವಕಾಶ ಇದೆ. ರೋಗಿಯಾಗಿ, ರೈತರಾಗಿ, ತಾಯಿ ತಂದೆಯಾಗಿ ಬಾಳುವ ಉಳಿದ ದೊಡ್ಡ ಸಮೂಹಕ್ಕೆ ಇರುವುದು ಅದೊಂದೇ ಅವಕಾಶ. ಹಾಗಾಗಿ ಈ ಪಾಠವನ್ನು ರೂಪಿಸಬೇಕಾದುದು ಅವರನ್ನು ಕಣ್ಣೆದುರು ಇಟ್ಟುಕೊಂಡು.

ಈಗ ನಡೆಯುತ್ತಿರುವುದೇನು? ಮೈಟೊಕಾಂಡ್ರಿಯಾ ಎಂದರೆ ಶಕ್ತಿಕೇಂದ್ರ, ಲೈಸೊಸೋಮ್ ಎಂದರೆ ಆತ್ಮಹತ್ಯಾ ಸಂಚಿ, ಸಸ್ಯಕೋಶಕ್ಕೂ ಪ್ರಾಣಿಕೋಶಕ್ಕೂ ನಾಲ್ಕು ವ್ಯತ್ಯಾಸ. ಇಷ್ಟು ಬಾಯಿಪಾಠವಾದರೆ ಅಧ್ಯಾಯ ಮುಗಿದಂತೆ. ಪಾಸಿಂಗ್ ಪ್ಯಾಕೇಜಿನಲ್ಲಿ ಚಿತ್ರಗಳಿಗೆ ಮೊದಲ ಜಾಗ, ಏಕೆಂದರೆ ಅಂಕ ಖಚಿತ. ಅದೇ ಚಿತ್ರವನ್ನು ಹತ್ತು ಸಲ ತಿದ್ದಿದ ವಿದ್ಯಾರ್ಥಿ ಒಂದೇ ಒಂದು ನಿಜವಾದ ಜೀವಕೋಶವನ್ನೂ ನೋಡದೆ ಶಾಲೆಯಿಂದ ಹೊರಬೀಳುತ್ತಾನೆ.

ವಿಜ್ಞಾನ ಬೆಳೆದುಬಂದ ದಾರಿ ಇದಕ್ಕೆ ತದ್ವಿರುದ್ಧ. 1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಬೆಂಡಿನ ತೆಳು ಚೂರನ್ನು ತನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ ಅಲ್ಲಿದ್ದ ಖಾಲಿ ಗೂಡುಗಳನ್ನು ಬರೆದಿಟ್ಟ. ಅವು ಸತ್ತ ಕೋಶಗಳ ಗೋಡೆಗಳು. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹುಕ್ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ, ಅಂದಿನ ವಿದ್ವಾಂಸರ ಲ್ಯಾಟಿನ್ ಅವನಿಗೆ ಬರುತ್ತಿರಲಿಲ್ಲ. ತಾನೇ ಉಜ್ಜಿ ಮಾಡಿದ ಒಂಟಿ ಮಸೂರದಲ್ಲಿ ಕೆರೆಯ ನೀರನ್ನೂ ಹಲ್ಲಿನ ಪಾಚಿಯನ್ನೂ ನೋಡಿ, ಅಲ್ಲಿ ಓಡಾಡುವ ಜೀವಿಗಳನ್ನು ಜಗತ್ತಿಗೆ ಮೊದಲು ತಿಳಿಸಿದ್ದು ಅವನೇ. ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ, ಅವನು ತನಗೆ ಬರೆದ ಪತ್ರವನ್ನು ಸುಮ್ಮನೆ ನಂಬಲಿಲ್ಲ. 1677ರಲ್ಲಿ ಹುಕ್ ಆ ಪ್ರಯೋಗವನ್ನು ತಾನೂ ಮಾಡಿ, ಎಲ್ಲರಿಗೂ ತೋರಿಸಿದ ಮೇಲೆಯೇ ಒಪ್ಪಿತು. ಕೋಶಕೇಂದ್ರಕ್ಕೆ ಹೆಸರಿಟ್ಟದ್ದು ರಾಬರ್ಟ್ ಬ್ರೌನ್. 1831ರಲ್ಲಿ, ಸೀತಾಳೆ ಜಾತಿಯ ಗಿಡಗಳ ಕೋಶಗಳನ್ನು ನೋಡುತ್ತಿದ್ದಾಗ. ಸಸ್ಯ, ಪ್ರಾಣಿಗಳೆಲ್ಲ ಕೋಶಗಳಿಂದಲೇ ಆಗಿವೆ ಎಂದು ಶ್ಲೈಡನ್ ಮತ್ತು ಶ್ವಾನ್ ಹೇಳಿದ್ದು 1838–39ರಲ್ಲಿ. ಅಂದರೆ ನೋಡಿದ್ದಕ್ಕೂ ಸಿದ್ಧಾಂತಕ್ಕೂ ನಡುವೆ ಸುಮಾರು 170 ವರ್ಷಗಳ ಅಂತರ. ನಮ್ಮ ಮಕ್ಕಳಿಗೆ ಸಿದ್ಧಾಂತವನ್ನು ಮೊದಲ ದಿನವೇ ಬರೆಸಿ, ನೋಡುವುದನ್ನು ಕೊನೆಗೆ ತಳ್ಳಿ, ಆಮೇಲೆ ಕೈಬಿಡುತ್ತೇವೆ.

ನೋಡಲು ಬೇಕಾದ ಸಾಮಗ್ರಿ ಅಡುಗೆಮನೆಯಲ್ಲೇ ಇದೆ. ಈರುಳ್ಳಿಯ ಒಂದು ತಿರುಳು ಪದರವನ್ನು ಮುರಿದರೆ ಒಳಮೈಯಿಂದ ಗಾಳಿಗೆ ಹಾರುವಷ್ಟು ತೆಳುವಾದ ಪೊರೆ ಬಿಡಿಸಿಕೊಂಡು ಬರುತ್ತದೆ. ಅದನ್ನು ಉಗುರಿನಷ್ಟಗಲ ಕತ್ತರಿಸಿ, ಮಡಿಕೆ ಬೀಳದ ಹಾಗೆ ಗಾಜಿನ ಪಟ್ಟಿಯ ಮೇಲೆ ಹರಡಿ, ಒಂದು ತೊಟ್ಟು ಅಯೋಡಿನ್ ಬಿಡಬೇಕು. ಮೇಲಿನ ಗಾಜನ್ನು ಸೂಜಿಯ ಆಸರೆಯಲ್ಲಿ ಓರೆಯಾಗಿ, ನಿಧಾನಕ್ಕೆ ಇಳಿಸಬೇಕು. ಅವಸರ ಮಾಡಿದರೆ ಗಾಳಿಗುಳ್ಳೆ ಸಿಕ್ಕಿಹಾಕಿಕೊಳ್ಳುತ್ತದೆ. ಕಪ್ಪು ಅಂಚಿನ ಆ ಗುಳ್ಳೆಯನ್ನೇ ಜೀವಕೋಶ ಎಂದುಕೊಂಡು ಮಕ್ಕಳು ಕೂಗುವುದುಂಟು. ಗುಂಡಗಿರುವುದೆಲ್ಲ ಕೋಶವಲ್ಲ ಎಂದು ಗೊತ್ತಾಗುವುದೂ ಅಲ್ಲಿಯೇ. ಸ್ವಲ್ಪ ಸರಿಸಿ ನೋಡಿದರೆ ಇಟ್ಟಿಗೆ ಜೋಡಿಸಿದ ಗೋಡೆಯ ಹಾಗೆ ಸಾಲುಸಾಲು ಕೋಶಗಳು, ಒಂದೊಂದರಲ್ಲೂ ಕಂದು ಹಳದಿ ಬಣ್ಣ ಹೀರಿಕೊಂಡ ಒಂದೊಂದು ಕೋಶಕೇಂದ್ರ. ಇದಕ್ಕೆ ನೂರು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಾಕು.

ಅಲ್ಲಿಗೇ ನಿಲ್ಲಿಸದೆ ಕೆಂಪು ಈರುಳ್ಳಿಯ ಹೊರಮೈಯ ನೇರಳೆ ಪೊರೆಯನ್ನು ತೆಗೆದು, ಅಯೋಡಿನ್ ಹಾಕದೆ ಬರಿಯ ನೀರಲ್ಲಿಟ್ಟು ನೋಡಬೇಕು. ಕೋಶಗಳ ತುಂಬ ನೇರಳೆ ರಸ ಹರಡಿಕೊಂಡಿರುತ್ತದೆ. ಗಾಜಿನ ಒಂದು ಅಂಚಿಗೆ ಉಪ್ಪುನೀರು ಬಿಟ್ಟು, ಇನ್ನೊಂದು ಅಂಚಿಗೆ ಒತ್ತುಕಾಗದ ಹಿಡಿದರೆ ಉಪ್ಪುನೀರು ಒಳಗೆ ಹರಿಯುತ್ತದೆ. ಕೆಲವೇ ನಿಮಿಷಗಳಲ್ಲಿ ನೇರಳೆ ಭಾಗ ಗೋಡೆಯನ್ನು ಬಿಟ್ಟು ಮುದುಡಿ ನಡುವಿಗೆ ಸರಿಯುತ್ತದೆ, ಗೋಡೆ ಮಾತ್ರ ಹಾಗೇ ನಿಂತಿರುತ್ತದೆ. ಮತ್ತೆ ಒಳ್ಳೆಯ ನೀರು ಹರಿಸಿದರೆ ಮುದುಡಿದ್ದು ಉಬ್ಬಿ ಮೊದಲಿನಂತಾಗುತ್ತದೆ. ಕೋಶಭಿತ್ತಿ ಬೇರೆ, ಕೋಶಪೊರೆ ಬೇರೆ ಎಂದು ಹದಿನೈದು ನಿಮಿಷದಲ್ಲಿ ತಿಳಿದುಹೋಗುತ್ತದೆ. ಕೋಷ್ಟಕ ಬರೆದು ಉರುಹೊಡೆಯಬೇಕಿಲ್ಲ. ನೀರು ಹೀಗೆ ಪೊರೆಯ ಮೂಲಕ ಸಾಗುವ ಅಭಿಸರಣೆ ಎಂದರೆ ಏನೆಂದು ಯಾರೂ ವ್ಯಾಖ್ಯಾನ ಹೇಳಬೇಕಾಗಿಯೂ ಇಲ್ಲ.

ಮಲೆನಾಡಿನ ಮನೆಗಳಲ್ಲಿ ಮಿಡಿಮಾವಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ, ಒಂದು ತೊಟ್ಟು ನೀರು ಸೇರಿಸದಿದ್ದರೂ ಕೆಲವು ದಿನಗಳಲ್ಲಿ ಉಪ್ಪುನೀರು ನಿಲ್ಲುತ್ತದೆ, ಮಿಡಿ ಚಿರುಟಿಕೊಳ್ಳುತ್ತದೆ. ಗಿಡದ ಬುಡಕ್ಕೆ ಯೂರಿಯಾ ಕೈಮೀರಿ ಬಿದ್ದರೆ ನೀರಿದ್ದೂ ಗಿಡ ಸುಟ್ಟಂತೆ ಒಣಗುತ್ತದೆ. ಇವೆರಡೂ ಗಾಜಿನ ಪಟ್ಟಿಯ ಮೇಲೆ ಕಂಡದ್ದೇ. ಊರಿನ ಮಕ್ಕಳಿಗೆ ಈ ಅನುಭವ ಮೊದಲೇ ಇರುತ್ತದೆ. ಶಾಲೆ ಮಾಡಬೇಕಾದ್ದು ಅದಕ್ಕೂ ಪುಸ್ತಕಕ್ಕೂ ಗಂಟು ಹಾಕುವ ಕೆಲಸ.

ಇದೇ ಅರಿವು ಜೀವ ಉಳಿಸಿದ ಕಥೆಯೊಂದು ಪ್ರತಿ ಮಗುವಿಗೂ ಗೊತ್ತಿರಬೇಕು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಹರಿದುಬಂದಾಗ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಗಡಿ ಪಟ್ಟಣ ಬನಗಾಂವ್‌ನಲ್ಲಿ ಚಿಕಿತ್ಸೆ ನೀಡುತ್ತಿದ್ದ ಡಾ. ದಿಲೀಪ್ ಮಹಾಲನಾಬಿಸ್ ಅವರ ಬಳಿ ನರಕ್ಕೆ ಹಾಕುವ ಸಲೈನ್ ಮುಗಿಯುತ್ತ ಬಂದಿತ್ತು. ಆಗ ಅವರು ಗ್ಲೂಕೋಸ್, ಅಡುಗೆ ಉಪ್ಪು ಮತ್ತು ಸೋಡಾವನ್ನು ಅಳತೆಯಂತೆ ಪೊಟ್ಟಣ ಕಟ್ಟಿಸಿದರು. ಶುದ್ಧ ನೀರಿನಲ್ಲಿ ಕರಗಿಸಿ ಕುಡಿಸುವ ಕೆಲಸ ರೋಗಿಗಳ ಮನೆಯವರಿಗೇ ವಹಿಸಿದರು. ಶಿಬಿರದಲ್ಲಿ ನೂರಕ್ಕೆ ಸುಮಾರು 30ರಷ್ಟಿದ್ದ ಸಾವಿನ ಪ್ರಮಾಣ, ಈ ದ್ರಾವಣ ಕುಡಿದವರಲ್ಲಿ ನೂರಕ್ಕೆ 4ಕ್ಕಿಂತ ಕೆಳಗೆ ಬಂತು. ಅವರು ತೀರಿಕೊಂಡ ಮರುವರ್ಷ, 2023ರಲ್ಲಿ, ದೇಶ ಅವರಿಗೆ ಪದ್ಮವಿಭೂಷಣ ನೀಡಿತು.

ಬರೀ ಉಪ್ಪುನೀರು ಕುಡಿಸಿದ್ದರೆ ಇದು ಆಗುತ್ತಿರಲಿಲ್ಲ. ಸಣ್ಣ ಕರುಳಿನ ಕೋಶಗಳ ಪೊರೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಎರಡನ್ನೂ ಒಟ್ಟಿಗೆ ಹಿಡಿದು ಒಳಗೆ ಬಿಡುವ ಪ್ರೋಟೀನ್ ಇದೆ. ಒಂದಿಲ್ಲದಿದ್ದರೆ ಇನ್ನೊಂದಕ್ಕೂ ಆ ಬಾಗಿಲು ತೆರೆಯುವುದಿಲ್ಲ. ಈ ಜೋಡಿ ಸಾಗಾಟವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ವಿಜ್ಞಾನಿಗಳ ಸಭೆಯಲ್ಲಿ ಮಂಡಿಸಿದ್ದರು. ಕಾಲರಾ ವಿಷ ಕರುಳಿನಿಂದ ನೀರನ್ನು ಹೊರಗೆ ಸುರಿಸುತ್ತದೆಯಾದರೂ ಈ ಬಾಗಿಲನ್ನು ಕೆಡಿಸುವುದಿಲ್ಲ. ಉಪ್ಪೂ ಸಕ್ಕರೆಯೂ ಒಳಗೆ ಹೋದರೆ ನೀರು ಅವುಗಳ ಹಿಂದೆಯೇ ಹೋಗುತ್ತದೆ. ಅಳತೆ ತಪ್ಪಿ ಸಕ್ಕರೆ ಹೆಚ್ಚಾದರೆ ಕರುಳಿನೊಳಕ್ಕೆ ನೀರು ಇನ್ನಷ್ಟು ಎಳೆದುಕೊಂಡು ಭೇದಿ ಜೋರಾಗುತ್ತದೆ. ಓಆರ್‌ಎಸ್ ಎಂಬ ಹೆಸರು ಹೊತ್ತು ಸಕ್ಕರೆ ಪಾನೀಯಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದುದರ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ದನಿ ಎತ್ತಿದ್ದು ಇದೇ ಕಾರಣಕ್ಕೆ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದೆಂದು ಆದೇಶಿಸಿತು. ಕೋಶಪೊರೆಯ ಪಾಠವನ್ನು ಅರ್ಥಮಾಡಿಕೊಂಡು ಕಲಿತ ತಾಯಿ ಆದೇಶಕ್ಕೆ ಕಾಯದೆ ಪೊಟ್ಟಣದ ಹಿಂಬದಿ ಓದುತ್ತಾಳೆ.

ಮೆಡಿಕಲ್ ಶಾಪಿನ ಕಟ್ಟೆಯ ಬಳಿಯೂ ಇದೇ ಪಾಠ ಬೇಕು. ಬ್ಯಾಕ್ಟೀರಿಯಾದ ಕೋಶಕ್ಕೆ ಹೊರಗೊಂದು ಗೋಡೆ ಇದೆ, ಮನುಷ್ಯನ ಕೋಶಕ್ಕೆ ಇಲ್ಲ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಆ ಗೋಡೆ ಕಟ್ಟುವ ಕೆಲಸವನ್ನೇ ಕೆಡಿಸುತ್ತವೆ. ಅಜಿತ್ರೊಮೈಸಿನ್ ಬ್ಯಾಕ್ಟೀರಿಯಾದ ರೈಬೊಸೋಮ್‌ಗೆ ಅಂಟಿಕೊಂಡು ಅದು ಪ್ರೋಟೀನ್ ತಯಾರಿಸದಂತೆ ತಡೆಯುತ್ತದೆ. ಅದರ ರೈಬೊಸೋಮ್ ನಮ್ಮದಕ್ಕಿಂತ ಬೇರೆ ಬಗೆಯದಾದ್ದರಿಂದಲೇ ಔಷಧಿ ರೋಗಾಣುವನ್ನು ಮಣಿಸಿ ರೋಗಿಯನ್ನು ಉಳಿಸುತ್ತದೆ. ನೆಗಡಿ, ಫ್ಲೂ ತರುವ ವೈರಸ್‌ಗೆ ಗೋಡೆಯೂ ಇಲ್ಲ, ರೈಬೊಸೋಮೂ ಇಲ್ಲ. ಅದು ಜೀವಕೋಶವೇ ಅಲ್ಲ. ‘ನೆಗಡಿಗೆ ಒಂದು ಸ್ಟ್ರಾಂಗ್ ಮಾತ್ರೆ ಕೊಡಿ’ ಎಂದು ಆ್ಯಂಟಿಬಯೊಟಿಕ್ ಕೇಳಿ ನುಂಗಿದರೆ ಅಲ್ಲಿ ಅದಕ್ಕೆ ಕೆಲಸವೇ ಇಲ್ಲ. ದೇಹದಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಆ ಔಷಧಿಗೆ ಬಗ್ಗದವು ಮಾತ್ರ ಉಳಿದು ಹೆಚ್ಚುತ್ತವೆ, ಅಷ್ಟೇ. ಬ್ಯಾಕ್ಟೀರಿಯಾದ ಕೋಶಕ್ಕೂ ನಮ್ಮ ಕೋಶಕ್ಕೂ ಇರುವ ವ್ಯತ್ಯಾಸವನ್ನು ಕೋಷ್ಟಕವಾಗಿ ಬರೆಯಿಸುವ ಬದಲು, ಈ ಮಾತ್ರೆ ನೆಗಡಿಗೆ ಏಕೆ ಕೆಲಸ ಮಾಡುವುದಿಲ್ಲ ಎಂದು ಪರೀಕ್ಷೆಯಲ್ಲಿ ಕೇಳಿದರೆ ಎಷ್ಟು ಲಾಭ!

ಸಕ್ಕರೆ ಕಾಯಿಲೆಯವರು ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸುತ್ತಾರೆ. ಮೂರು ತಿಂಗಳೇ ಏಕೆ? ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟೂ ದಿನ ಅದರೊಳಗಿನ ಹಿಮೊಗ್ಲೋಬಿನ್‌ಗೆ ರಕ್ತದ ಸಕ್ಕರೆ ಅಂಟುತ್ತ ಹೋಗುತ್ತದೆ. ಪರೀಕ್ಷೆಯ ಹಿಂದಿನ ದಿನ ಅನ್ನ ಬಿಟ್ಟು ಮುದ್ದೆ ಉಂಡರೂ ಆ ಲೆಕ್ಕ ಬದಲಾಗುವುದಿಲ್ಲ. ಒಂಬತ್ತನೇ ತರಗತಿಯ ಹುಡುಗಿ ಇದನ್ನು ಅಜ್ಜಿಗೆ ವಿವರಿಸಬಲ್ಲಳು, ಶಾಲೆ ಅವಳಿಗೆ ವಿವರಿಸಿದ್ದರೆ.

ಚಾಮರಾಜನಗರ, ಮೈಸೂರು, ಕೊಡಗು ಸೀಮೆಯ ಬುಡಕಟ್ಟು ಕುಟುಂಬಗಳಿಗೆ ಈ ವಿಷಯ ಇನ್ನೂ ಹತ್ತಿರದ್ದು. ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಸೇರಿ ಇಲ್ಲಿನ ಸಮುದಾಯಗಳಲ್ಲಿ ಕಂಡುಬರುತ್ತದೆ. ಹಿಮೊಗ್ಲೋಬಿನ್‌ನ ಒಂದು ಸರಪಳಿಯಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ಸಾಕು, ಆಮ್ಲಜನಕ ಕಡಿಮೆಯಾದಾಗ ದುಂಡಗಿನ ಕಣ ಕುಡಗೋಲಿನಂತೆ ಬಾಗಿ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡು, ತಡೆಯಲಾಗದ ನೋವು ತರುತ್ತದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ 2047ರೊಳಗೆ ಈ ಕಾಯಿಲೆಯನ್ನು ಇಲ್ಲವಾಗಿಸುವ ಗುರಿ ಇಟ್ಟುಕೊಂಡಿದೆ. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಲೆಕ್ಕ. ತಪಾಸಣೆಯಲ್ಲಿ, ಕಾಯಿಲೆ ಇಲ್ಲದಿದ್ದರೂ ಅದರ ವಂಶವಾಹಿ ಹೊತ್ತ ವಾಹಕರೆಂದು ತಿಳಿದವರಿಗೆ ಕಾರ್ಡ್ ಕೊಟ್ಟರೆ ಅರ್ಧ ಕೆಲಸವಾಯಿತು. ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲೊಂದು ಎಂಬ ಮಾತು ಅರ್ಥವಾಗಬೇಕಾದರೆ ಕೋಶ, ಕೋಶಕೇಂದ್ರ, ವರ್ಣತಂತು ಎಂಬುವು ಕೇಳಿ ಗೊತ್ತಿರುವ ವಸ್ತುಗಳಾಗಿರಬೇಕು. ಆಶ್ರಮಶಾಲೆಗಳಲ್ಲಿ ಈ ಪಾಠ ಬೇರೆಲ್ಲಕ್ಕಿಂತ ಮೊದಲು ಚೆನ್ನಾಗಿ ನಡೆಯಬೇಕು.

ಕ್ಯಾನ್ಸರ್ ರೋಗಿಯ ತಟ್ಟೆ ಲೋಟ ಬೇರೆ ಇಡುವ ಮನೆಗಳು ಇಂದಿಗೂ ಇವೆ. ಕ್ಯಾನ್ಸರ್ ದೇಹದ ಸ್ವಂತ ಕೋಶಗಳೇ ಹತೋಟಿ ಮೀರಿ ವಿಭಜನೆಯಾಗುವ ಕಾಯಿಲೆ. ಜೊತೆಗೆ ಕೂತು ಉಂಡರೆ ಅಂಟುವುದಿಲ್ಲ. ಕೋಶ ವಿಭಜನೆಯ ಪಾಠದಲ್ಲಿ ಈ ಎರಡು ವಾಕ್ಯ ಸೇರಿಸಲು ಎರಡು ನಿಮಿಷ ಸಾಕು.

ಇಷ್ಟೆಲ್ಲ ತೂಕವಿರುವ ವಿಷಯವನ್ನು ಪಠ್ಯ ರಚಿಸುವವರು ಹಗುರವಾಗಿ ಕಂಡದ್ದೂ ಉಂಟು. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸಲೆಂದು ಎನ್‌ಸಿಇಆರ್‌ಟಿ 2022ರಲ್ಲಿ ಪಾಠಗಳನ್ನು ಕಡಿತಗೊಳಿಸಿದಾಗ ಎಂಟನೇ ತರಗತಿಯ ಜೀವಕೋಶದ ಅಧ್ಯಾಯ ಪೂರ್ತಿಯಾಗಿ ಹೋಯಿತು. ಹತ್ತನೇ ತರಗತಿಯಿಂದ ವಿಕಾಸವಾದ ಕೈಬಿಟ್ಟದ್ದಕ್ಕೆ ದೇಶದ ವಿಜ್ಞಾನಿಗಳು ಸಹಿ ಹಾಕಿ ಪ್ರತಿಭಟಿಸಿದರು. ಜೀವಕೋಶದ ಬಗ್ಗೆ ಅಷ್ಟು ಗದ್ದಲ ಆಗಲಿಲ್ಲ. 2025ರಲ್ಲಿ ಬಂದ ಎಂಟನೇ ತರಗತಿಯ ಹೊಸ ಪುಸ್ತಕದಲ್ಲಿ ಕಣ್ಣಿಗೆ ಕಾಣದ ಜೀವಲೋಕದ ಅಧ್ಯಾಯದೊಳಗೆ ಜೀವಕೋಶ ಮರಳಿ ಬಂದಿದೆ. ಮಸೂರದಿಂದ ಶುರುವಾಗಿ ಸೂಕ್ಷ್ಮಜೀವಿಗಳತ್ತ ಹೋಗುವ ಆ ಕ್ರಮ ಸ್ವಾಗತಾರ್ಹ. ಅದು ಮಕ್ಕಳ ಕೈಗೆ ಮಸೂರ ಕೊಡದೆ ಓದಿಸುವ ಮತ್ತೊಂದು ಅಧ್ಯಾಯವಾಗಬಾರದು.

ಶಿಕ್ಷಕರ ಕಷ್ಟವನ್ನು ಬದಿಗಿಟ್ಟು ಮಾತಾಡುವುದು ಸರಿಯಲ್ಲ. ಎಷ್ಟೋ ಪ್ರೌಢಶಾಲೆಗಳಲ್ಲಿ ಜೀವಶಾಸ್ತ್ರ ಕಲಿಸುವ ಸಿಬಿಝಡ್ ಶಿಕ್ಷಕರ ಹುದ್ದೆ ಖಾಲಿ ಇದ್ದು, ಭೌತಶಾಸ್ತ್ರ, ಗಣಿತದ ಪಿಸಿಎಂ ಶಿಕ್ಷಕರೇ ಅದನ್ನೂ ಮಾಡಬೇಕು. ಅರುವತ್ತು ಮಕ್ಕಳಿಗೆ ಒಂದು ಸೂಕ್ಷ್ಮದರ್ಶಕ, ನಲವತ್ತು ನಿಮಿಷದ ಒಂದು ಪೀರಿಯಡ್ ಎಂದರೆ ಸಾಲು ಮುಗಿಯುವ ಮೊದಲೇ ಬೆಲ್ ಹೊಡೆಯುತ್ತದೆ. ಮಸೂರ ಒಡೆದರೆ ಯಾರು ಹೊಣೆ ಎಂಬ ಭಯಕ್ಕೆ ಉಪಕರಣ ಬೀರುವಿನಲ್ಲೇ ಉಳಿಯುತ್ತದೆ.

ಇವೆಲ್ಲಕ್ಕೂ ದಾರಿ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ತಮ್ಮ ತಂಡದೊಂದಿಗೆ 2014ರಲ್ಲಿ ಪ್ರಕಟಿಸಿದ ಫೋಲ್ಡ್‌ಸ್ಕೋಪ್ ಎಂಬ ಮಡಚುವ ಕಾಗದದ ಸೂಕ್ಷ್ಮದರ್ಶಕದ ಬಿಡಿಭಾಗಗಳಿಗೆ ತಗಲುವ ವೆಚ್ಚ ಒಂದು ಡಾಲರಿಗಿಂತ ಕಡಿಮೆ. ಅದು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಈರುಳ್ಳಿ ಕೋಶಕ್ಕೆ, ಕೆನ್ನೆಯ ಒಳಗಿನ ಕೋಶಕ್ಕೆ ಅಷ್ಟು ಸಾಕು. ಮೊಬೈಲ್ ಕ್ಯಾಮೆರಾಕ್ಕೆ ಹೊಂದಿಸಿದರೆ ಇಡೀ ತರಗತಿ ಒಟ್ಟಿಗೆ ನೋಡಬಹುದು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಇದನ್ನು ಶಾಲಾ ಕಾಲೇಜುಗಳಿಗೆ ಒಯ್ಯುವ ಯೋಜನೆಯನ್ನೂ ನಡೆಸಿತ್ತು. ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳು ಹಳ್ಳಿ ಶಾಲೆಗಳ ಬಾಗಿಲಿಗೆ ಪ್ರಯೋಗ ತಲುಪಿಸುತ್ತ ಬಂದಿವೆ. ಸೂಕ್ಷ್ಮದರ್ಶಕ ಇಲ್ಲವೇ ಇಲ್ಲ ಎಂದರೂ ಒಣದ್ರಾಕ್ಷಿಯನ್ನು ರಾತ್ರಿ ನೀರಲ್ಲಿಟ್ಟು ಬೆಳಿಗ್ಗೆ ನೋಡಬಹುದು, ಆಮೇಲೆ ಗಟ್ಟಿ ಸಕ್ಕರೆ ನೀರಲ್ಲಿಟ್ಟು ಮತ್ತೆ ಸುಕ್ಕುಗಟ್ಟುವುದನ್ನು ಕಾಣಬಹುದು.

ಕನ್ನಡಕ್ಕೆ ಈ ಲೋಕ ಹೊಸತೂ ಅಲ್ಲ. ಸೀತಾಳೆ ಗಿಡಗಳ ಭ್ರೂಣ ಬೆಳೆಯುವ ಬಗೆಯನ್ನು ಸೂಕ್ಷ್ಮದರ್ಶಕದಲ್ಲಿ ಅಭ್ಯಾಸ ಮಾಡಿ ಹೆಸರಾದ ಬಿ.ಜಿ.ಎಲ್. ಸ್ವಾಮಿ, ಹಾರ್ವರ್ಡ್‌ನಲ್ಲಿ ಸಸ್ಯವಿಜ್ಞಾನಿ ಬೈಲಿ ಅವರ ಜೊತೆ ಸಂಶೋಧನೆ ನಡೆಸಿದವರು. ಅದೇ ಸ್ವಾಮಿ ಬರೆದ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಗಿಡದ ಒಳಗನ್ನು ನೋಡಬಲ್ಲವರು ಅದನ್ನು ತಿಳಿಗನ್ನಡದಲ್ಲಿ ಹೇಳಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಶಿಕ್ಷಣ ಇಲಾಖೆ ಮಾಡಬೇಕಾದುದು ಎರಡೇ ಕೆಲಸ. ಮೊದಲನೆಯದು, ಆಂತರಿಕ ಮೌಲ್ಯಮಾಪನಕ್ಕಿರುವ 20 ಅಂಕಗಳಲ್ಲಿ ಒಂದು ಪಾಲನ್ನು ವಿದ್ಯಾರ್ಥಿ ತಾನೇ ತಯಾರಿಸಿ ನೋಡಿದ ಸ್ಲೈಡಿಗೆ ಮತ್ತು ಕಂಡದ್ದನ್ನು ಕಂಡ ಹಾಗೆ ಬಿಡಿಸಿದ ಚಿತ್ರಕ್ಕೆ ಮೀಸಲಿಡುವುದು. ಪುಸ್ತಕದ ಚಿತ್ರದ ನಕಲಿಗೆ ಅಲ್ಲಿ ಅಂಕ ಇರಬಾರದು. ಎರಡನೆಯದು, ಬರಹ ಪರೀಕ್ಷೆಯಲ್ಲಿ ಭಾಗ ಗುರುತಿಸುವ ಪ್ರಶ್ನೆಗಳನ್ನು ಕಡಿಮೆ ಮಾಡಿ ಓಆರ್‌ಎಸ್, ಆ್ಯಂಟಿಬಯೊಟಿಕ್, ಉಪ್ಪಿನಕಾಯಿ, ಯೂರಿಯಾ ಕುರಿತು ಯೋಚಿಸಿ ಉತ್ತರಿಸುವ ಪ್ರಶ್ನೆಗಳನ್ನು ಕೇಳುವುದು. ಪ್ರಶ್ನೆಪತ್ರಿಕೆ ಬದಲಾದರೆ ಪಾಠವೂ ಬದಲಾಗುತ್ತದೆ ಎಂದು ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ.

ಉಳಿದದ್ದು ಊರಿನವರ ಕೈಯಲ್ಲಿದೆ. ವಿದ್ಯಾರ್ಥಿಗಳು ನಿತ್ಯ ಬಳಸುವಂಥ ಸೂಕ್ಷ್ಮದರ್ಶಕ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಹಳೆಯ ವಿದ್ಯಾರ್ಥಿಗಳ ಸಂಘಗಳು ಶಾಲೆಗೆ ಕಮಾನು ಕಟ್ಟಿಸುವ ಮೊದಲು, ಎಸ್‌ಡಿಎಂಸಿಗಳು ವಾರ್ಷಿಕೋತ್ಸವದ ಶಾಮಿಯಾನಕ್ಕೆ ಖರ್ಚು ಮಾಡುವ ಮೊದಲು, ಎರಡು ಸೂಕ್ಷ್ಮದರ್ಶಕ ಕೊಡಿಸಲಿ. ಮಸೂರ ಒಡೆದರೆ ಶಿಕ್ಷಕರ ಸಂಬಳದಿಂದ ವಸೂಲು ಮಾಡುವುದಿಲ್ಲ ಎಂದು ಇಲಾಖೆ ಲಿಖಿತವಾಗಿ ಹೇಳಲಿ. ಮನೆಯಲ್ಲಿ ಒಂಬತ್ತನೇ ತರಗತಿಯ ಮಗು ಇದ್ದರೆ ಈ ವಾರ ಒಂದು ಪ್ರಶ್ನೆ ಕೇಳಿ: ಜೀವಕೋಶವನ್ನು ನೋಡಿದ್ದೀಯಾ? ಇಲ್ಲ ಎಂದರೆ ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ವಿಚಾರ ಎತ್ತುವ ಮೊದಲು ಬೀರುವಿನಲ್ಲಿರುವ ಸೂಕ್ಷ್ಮದರ್ಶಕವನ್ನು ಹೊರಗೆ ತೆಗೆಸಿ.